ಬೆಳಿಗ್ಗೆ ಶಸ್ತ್ರಚಿಕಿತ್ಸೆ, ಸಂಜೆಗೆ ಮನೆ: ನಮ್ಮ ಊರುಗಳಿಗೆ ಇದು ಒಗ್ಗುವುದೇ?

ಕಳೆದ ಹಿಂಗಾರು ಬಿತ್ತನೆಯ ದಿನಗಳಲ್ಲಿ ರಾಮಥಾಳದ ತಾಯಿಯೊಬ್ಬರು ಮಗನ ಹೆಗಲನ್ನು ಆಸರೆಯಾಗಿ ಹಿಡಿದು ನಮ್ಮ ಚಿಕಿತ್ಸಾಲಯದ ಮೂರು ಮೆಟ್ಟಿಲುಗಳನ್ನು ಏರಿ ಬಂದರು. ವಯಸ್ಸು ಅರವತ್ತೆಂಟು. ಎರಡೂ ಕಾಲುಗಳು ಮೊಣಕಾಲಿನ ಬಳಿ ಬಿಲ್ಲಿನಂತೆ ಹೊರಕ್ಕೆ ಬಾಗಿದ್ದವು. ಹನ್ನೊಂದು ವರ್ಷಗಳಿಂದ ಅವರು ನಮ್ಮಲ್ಲಿಯೇ ಔಷಧ ಪಡೆಯುತ್ತಿದ್ದವರು. ಅಂದು ಅವರು ಔಷಧವನ್ನು ಕೇಳಲಿಲ್ಲ. "ಡಾಕ್ಟ್ರ, ಮಣಕಾಲ ಬದ್ಲಿ ಮಾಡಿ ಅವತ್ತ ಸಂಜಿಗೆ ಮನಿಗೆ ಕಳಸ್ತಾರಂತ್ರಿ, ಖರೇ ಏನ್ರಿ? ಖರೇ ಇದ್ರ ನಾನೂ ಮಾಡಿಸ್ಕೋತೀನ್ರಿ. ದವಾಖಾನ್ಯಾಗ ಎಂಟೆಂಟ ದಿನ ಮಲಗೂದು ನನ್ನಿಂದ ಆಗೂದಿಲ್ರಿ" ಎಂದರು.

ಆ ಪ್ರಶ್ನೆಗೆ ನಾವು ಕೂಡಲೇ ಉತ್ತರ ಹೇಳಲಾಗಲಿಲ್ಲ. ನಾವು ಆಯುರ್ವೇದದ ವೈದ್ಯರು. ಕೀಲು ಬದಲಾಯಿಸುವ ಶಸ್ತ್ರವೈದ್ಯರಲ್ಲ. ಆದರೆ ಮೊಣಕಾಲು ನೋವಿನವರು ಮೊದಲು ಬರುವುದು ನಮ್ಮಂಥವರ ಬಾಗಿಲಿಗೆ. ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಊರಿಗೆ ಮರಳಿದ ಮೇಲೂ ಮತ್ತೆ ಕರೆಯುವುದು ನಮ್ಮಂಥವರನ್ನೇ. ಆದ್ದರಿಂದ ಈ ವಿಷಯವನ್ನು ತಿಳಿದುಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸಿ, ಮೂಳೆತಜ್ಞ ಮಿತ್ರರೊಡನೆ ಚರ್ಚಿಸಿ, ಓದಿ ಅರಿತದ್ದನ್ನು ಈ ತಿಂಗಳ ಅಂಕಣದಲ್ಲಿ ವಾಚಕರ ಮುಂದೆ ಇಡುತ್ತಿದ್ದೇವೆ.

ಕೀಲು ಸವೆಯುವುದೆಂದರೇನು?

ಮೊಣಕಾಲಿನಲ್ಲಿ ತೊಡೆಯ ಮೂಳೆಯ ಕೆಳತುದಿಯೂ ಕಣಕಾಲಿನ ಮೂಳೆಯ ಮೇಲ್ತುದಿಯೂ ಕೂಡುತ್ತವೆ. ಎರಡೂ ತುದಿಗಳಿಗೆ ಮೃದ್ವಸ್ಥಿಯೆಂಬ ನುಣುಪಾದ ಹೊದಿಕೆಯಿದೆ. ಇದಕ್ಕೆ ರಕ್ತನಾಳಗಳಿಲ್ಲ; ಹೀಗಾಗಿ ಒಮ್ಮೆ ಸವೆದರೆ ಚರ್ಮದಂತೆ ಮರಳಿ ಕೂಡಿಕೊಳ್ಳುವ ಶಕ್ತಿ ಇದಕ್ಕೆ ತೀರ ಕಡಿಮೆ. ಹೊದಿಕೆ ತೆಳುವಾಗುತ್ತ ಹೋದಂತೆ ಮೂಳೆಗೆ ಮೂಳೆ ಉಜ್ಜುತ್ತದೆ, ಅಂಚುಗಳಲ್ಲಿ ಮೂಳೆಯ ಮುಳ್ಳುಗಳು ಬೆಳೆಯುತ್ತವೆ, ಕಾಲು ಬಾಗುತ್ತದೆ. ಆಯುರ್ವೇದವು ಇದನ್ನು ಸಂಧಿಗತವಾತ ಎನ್ನುತ್ತದೆ. ಗಾಳಿ ತುಂಬಿದ ತೊಗಲಿನ ಚೀಲದಂತೆ ಕೈಗೆ ತಾಕುವ ಬಾವು, ಚಾಚುವಾಗಲೂ ಮಡಿಸುವಾಗಲೂ ನೋವು ಎಂದು ಚರಕಸಂಹಿತೆ ಇದರ ಲಕ್ಷಣವನ್ನು ಹೇಳಿದೆ. ಇಂದಿನ ರೋಗಿಯ ಮೊಣಕಾಲನ್ನು ಮುಟ್ಟಿ ನೋಡಿದರೂ ಆ ವರ್ಣನೆ ಹೊಂದುತ್ತದೆ.

ನಮ್ಮ ಭಾಗದ ಕೆಲಸಗಳು ಮೊಣಕಾಲಿಗೆ ಕಠಿಣವಾದವು. ಎರೆಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಸಾಲಿನುದ್ದಕ್ಕೂ ಕಳೆ ತೆಗೆಯುವ ತಾಯಂದಿರು, ಇಳಕಲ್ಲಿನ ಕುಣಿಮಗ್ಗದಲ್ಲಿ ದಿನವಿಡೀ ಕಾಲಿನಿಂದ ಹಲಗೆ ತುಳಿಯುವ ನೇಕಾರರು, ಕಲ್ಲಿನ ಗಣಿಗಳಲ್ಲಿ ಭಾರ ಹೊರುವವರು, ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವವರು, ಇವರೆಲ್ಲರ ಮೊಣಕಾಲುಗಳು ಪ್ರತಿದಿನವೂ ಪೂರ್ಣ ಮಡಿಕೆಯಲ್ಲಿ ದುಡಿಯುತ್ತವೆ.

ರೋಗದ ಮೊದಲ ಹಾಗೂ ನಡುವಣ ಹಂತಗಳಲ್ಲಿ ಶಸ್ತ್ರಚಿಕಿತ್ಸೆಯ ಮಾತು ಬೇಕಿಲ್ಲ. ತೂಕ ಇಳಿಸುವುದು, ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ, ಎಣ್ಣೆ, ಶಾಖ, ಜಾನುಬಸ್ತಿ, ಮಿತವಾದ ಔಷಧ ಇವುಗಳಿಂದ ಅನೇಕರು ವರ್ಷಗಟ್ಟಲೆ ಸುಖವಾಗಿ ಓಡಾಡಿಕೊಂಡಿರುವುದನ್ನು ನಾವು ಕಂಡಿದ್ದೇವೆ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂಬ ಲೆಕ್ಕವನ್ನು ನಾವು ಎಲ್ಲರಿಗೂ ಹೇಳುತ್ತೇವೆ. ಆದರೆ ಕಾಲು ಬಾಗಿ, ರಾತ್ರಿಯ ನಿದ್ರೆಯೂ ಕೆಟ್ಟು, ಶೌಚಕ್ಕೆ ಹೋಗಲೂ ಇನ್ನೊಬ್ಬರ ಕೈ ಬೇಕಾದಾಗ, ಕ್ಷ-ಕಿರಣದ ಚಿತ್ರದಲ್ಲಿ ಮೂಳೆಗಳ ನಡುವೆ ಸಂದೇ ಇಲ್ಲವಾದಾಗ, ಎಣ್ಣೆ ಹಚ್ಚುತ್ತ ಕಾಲ ಕಳೆಯುವುದು ರೋಗಿಗೆ ಮಾಡುವ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ರಾಮಥಾಳದ ತಾಯಿಗೆ ಈ ಮಾತನ್ನು ನಾವು ಮೂರು ವರ್ಷ ಮೊದಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ಅದು ನಮ್ಮ ತಪ್ಪು.

ಬದಲಾಯಿಸುವುದು ಏನನ್ನು?

"ಮೊಣಕಾಲನ್ನೇ ಕೊಯ್ದು ತೆಗೆಯುತ್ತಾರೆ" ಎಂಬ ಭಯ ಹಲವರಲ್ಲಿದೆ. ನಿಜಕ್ಕೂ ತೆಗೆಯುವುದು ಎರಡು ಮೂಳೆಗಳ ಸವೆದ ಮೇಲ್ಪದರವನ್ನು ಮಾತ್ರ. ಸುಮಾರು ಒಂದು ಸೆಂಟಿಮೀಟರಿನಷ್ಟು. ತೊಡೆಮೂಳೆಯ ತುದಿಗೆ ಲೋಹದ ಹೊದಿಕೆ, ಕೆಳಗಿನ ಮೂಳೆಗೆ ಲೋಹದ ತಟ್ಟೆ, ಎರಡರ ನಡುವೆ ಗಟ್ಟಿಯಾದ ಪಾಲಿಥಿಲೀನಿನ ಮೆತ್ತೆ, ಇಷ್ಟನ್ನು ಕೂರಿಸಿ ಸಾಮಾನ್ಯವಾಗಿ ಮೂಳೆಯ ಸಿಮೆಂಟಿನಿಂದ ಭದ್ರಪಡಿಸುತ್ತಾರೆ. ಒಂದೂವರೆಯಿಂದ ಎರಡು ಗಂಟೆಗಳಲ್ಲಿ ಕೆಲಸ ಮುಗಿಯುತ್ತದೆ. ವಿದೇಶಗಳಲ್ಲಿ ದೀರ್ಘಕಾಲ ಇಟ್ಟ ದಾಖಲೆಗಳನ್ನು ನೋಡಿದರೆ ಹತ್ತರಲ್ಲಿ ಸುಮಾರು ಎಂಟು ಕೃತಕ ಮೊಣಕಾಲುಗಳು ೨೫ ವರ್ಷ ಬಾಳಿವೆ.

ಆಧುನಿಕ ಕೀಲು ಬದಲಾವಣೆಗೆ ಬುನಾದಿ ಹಾಕಿದವರು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ. ೧೯೬೨ರಲ್ಲಿ ಅವರು ಸೊಂಟದ ಕೀಲಿಗೆ ಲೋಹದ ಗುಂಡು ಮತ್ತು ಪಾಲಿಥಿಲೀನಿನ ಬಟ್ಟಲನ್ನು ಜೋಡಿಸಿ ಬಾಳಿಕೆ ಬರುವ ಮಾರ್ಗವನ್ನು ತೋರಿದರು. ಮೊಣಕಾಲಿನ ಇಂದಿನ ಮಾದರಿಗಳು ೧೯೭೦ರ ದಶಕದಲ್ಲಿ ರೂಪುಗೊಂಡವು. ಆ ಕಾಲದಲ್ಲಿ ರೋಗಿಯನ್ನು ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿಸಿಯೇ ಇಡುತ್ತಿದ್ದರು. ಮಲಗಿದಷ್ಟೂ ಗುಣವೆಂಬ ನಂಬಿಕೆ ಆಗಿನದು.

ವಾರಗಳಿಂದ ಒಂದು ಹಗಲಿಗೆ

ಈ ನಂಬಿಕೆಯನ್ನು ಪ್ರಶ್ನಿಸಿದವರಲ್ಲಿ ಮುಖ್ಯರು ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್. "ಶಸ್ತ್ರಚಿಕಿತ್ಸೆಯಾದ ರೋಗಿ ಇಂದೂ ಆಸ್ಪತ್ರೆಯಲ್ಲಿ ಇರುವುದೇಕೆ?" ಎಂಬುದು ೧೯೯೦ರ ದಶಕದಲ್ಲಿ ಅವರು ಎತ್ತಿದ ಪ್ರಶ್ನೆಯ ಸಾರ. ನೋವು, ವಾಕರಿಕೆ, ತಲೆಸುತ್ತು, ಮೂತ್ರ ಕಟ್ಟುವುದು, ಕಾಲಿನ ನಿಶ್ಶಕ್ತಿ, ರೋಗಿಯನ್ನು ಹಿಡಿದಿಡುವುದು ಇಂಥ ಕೆಲವೇ ಕಾರಣಗಳು. ಒಂದೊಂದನ್ನೂ ಮೊದಲೇ ತಡೆದರೆ ತಂಗುವ ದಿನಗಳು ತಾವಾಗಿಯೇ ಇಳಿಯುತ್ತವೆ ಎಂಬ ತತ್ತ್ವದ ಮೇಲೆ ಶೀಘ್ರ ಚೇತರಿಕೆಯ ಪದ್ಧತಿ ಬೆಳೆಯಿತು. ೨೦೦೦ದ ನಂತರದ ವರ್ಷಗಳಲ್ಲಿ ಅಮೆರಿಕದ ಶಿಕಾಗೋದಲ್ಲಿ ಆಯ್ದ ರೋಗಿಗಳನ್ನು ಅಂದೇ ಮನೆಗೆ ಕಳುಹಿಸಲು ಆರಂಭಿಸಿದರು. ೨೦೧೮ರಲ್ಲಿ ಅಲ್ಲಿನ ಸರಕಾರದ ಹಿರಿಯರ ವಿಮೆಯು, ಒಳರೋಗಿಯಾಗಿಯೇ ಮಾಡಿಸಬೇಕಾದ ಚಿಕಿತ್ಸೆಗಳ ಪಟ್ಟಿಯಿಂದ ಮೊಣಕಾಲು ಬದಲಾವಣೆಯನ್ನು ತೆಗೆದುಹಾಕಿತು; ಅಲ್ಲಿಂದ ಈ ಪದ್ಧತಿ ಬೇಗ ಹರಡಿತು.

ಹಾಗಾದರೆ ಅಂದು ಆಗದ್ದು ಇಂದು ಹೇಗಾಯಿತು? ಚಾಕುವಿನ ಕೆಲಸಕ್ಕಿಂತ ಅದರ ಸುತ್ತಲಿನ ಕೆಲಸವೇ ಹೆಚ್ಚು ಬದಲಾಗಿದೆ.

ಅರಿವಳಿಕೆಯಲ್ಲಿ ಬದಲಾವಣೆಯಾಗಿದೆ. ಬೆನ್ನುಹುರಿಯ ಬಳಿ ಕೊಡುವ ಚುಚ್ಚುಮದ್ದಿನ ಪ್ರಮಾಣವನ್ನು ಕೆಲವೇ ಗಂಟೆಗಳಲ್ಲಿ ಇಳಿಯುವಂತೆ ಅಳೆದು ಕೊಡುತ್ತಾರೆ. ತೊಡೆಯ ನಡುಭಾಗದಲ್ಲಿ ನೋವಿನ ನರವನ್ನು ಮಾತ್ರ ಮರಗಟ್ಟಿಸಿ, ಕಾಲೆತ್ತುವ ಶಕ್ತಿಯನ್ನು ಬಹುಮಟ್ಟಿಗೆ ಉಳಿಸುವ ಚುಚ್ಚುಮದ್ದಿದೆ. ಕೀಲಿನ ಸುತ್ತಲೂ ನೋವುಶಾಮಕವನ್ನು ಸೇರಿಸುತ್ತಾರೆ. ಎರಡು ಮೂರು ಬಗೆಯ ಮಾತ್ರೆಗಳನ್ನು ಸ್ವಲ್ಪ ಸ್ವಲ್ಪವೇ ಕೊಡುವುದರಿಂದ ತೂಕಡಿಕೆ, ವಾಂತಿ ತರುವ ಅಫೀಮಿನ ಜಾತಿಯ ಔಷಧಗಳ ಅವಶ್ಯಕತೆ ತಗ್ಗಿದೆ.

ರಕ್ತನಷ್ಟ ಕಡಿಮೆಯಾಗಿದೆ. ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧವನ್ನು ೧೯೬೨ರಲ್ಲಿ ಜಪಾನಿನ ಒಕಾಮೊಟೊ ದಂಪತಿಗಳು ಲೋಕಕ್ಕೆ ಕೊಟ್ಟರು. ಹೆರಿಗೆಯ ರಕ್ತಸ್ರಾವವನ್ನು ತಡೆಯುವ ಹಂಬಲದಿಂದ ಹುಟ್ಟಿದ ಆ ಔಷಧ ಇಂದು ಕೀಲು ಶಸ್ತ್ರಚಿಕಿತ್ಸೆಯಲ್ಲಿಯೂ ನಿತ್ಯದ್ದಾಗಿ, ರಕ್ತ ಕೊಡಬೇಕಾದ ಪ್ರಸಂಗಗಳನ್ನು ಬಹಳವಾಗಿ ಇಳಿಸಿದೆ.

ಉಪವಾಸವೂ ಕಡಿಮೆಯಾಗಿದೆ. ಘನ ಆಹಾರವನ್ನು ಆರು ಗಂಟೆ ಮೊದಲು ನಿಲ್ಲಿಸಿದರೂ, ತಿಳಿನೀರನ್ನು ಎರಡು ಗಂಟೆ ಮೊದಲಿನವರೆಗೆ ಕುಡಿಯಲು ಅನುಮತಿಸುತ್ತಾರೆ. ಮಧ್ಯಾಹ್ನದೊಳಗೆ ರೋಗಿಯನ್ನು ಎಬ್ಬಿಸಿ, ವಾಕರ್ ಹಿಡಿಸಿ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಹೊಸ ಕೀಲು ಮೊದಲ ದಿನವೇ ದೇಹದ ಭಾರವನ್ನು ಹೊರಬಲ್ಲದು; ಸುಮ್ಮನೆ ಮಲಗಿದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯವೇ ಹೆಚ್ಚು.

ಯಾರು ಅಂದೇ ಮರಳಬಹುದು?

ಎಲ್ಲರೂ ಅಲ್ಲ. ಹೃದಯ, ಶ್ವಾಸಕೋಶ, ಮೂತ್ರಪಿಂಡಗಳ ರೋಗ ಇಲ್ಲದವರು ಅಥವಾ ಇದ್ದರೂ ಚೆನ್ನಾಗಿ ಹತೋಟಿಯಲ್ಲಿರುವವರು, ರಕ್ತಹೀನತೆ ಇಲ್ಲದವರು, ಮೂರು ತಿಂಗಳ ಸಕ್ಕರೆಯ ಸರಾಸರಿ ಹತೋಟಿಯಲ್ಲಿರುವವರು, ಅತಿಯಾದ ಬೊಜ್ಜಿಲ್ಲದವರು, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇಲ್ಲದವರು, ಶಸ್ತ್ರಚಿಕಿತ್ಸೆಗೆ ಮೊದಲು ತಮ್ಮಷ್ಟಕ್ಕೆ ಸ್ವಲ್ಪವಾದರೂ ನಡೆಯಬಲ್ಲವರು, ಇಂಥವರನ್ನು ಆಯುತ್ತಾರೆ. ಎರಡೂ ಮೊಣಕಾಲುಗಳನ್ನು ಒಟ್ಟಿಗೆ ಬದಲಾಯಿಸಿಕೊಳ್ಳುವವರಿಗೆ ಇದು ಹೇಳಿದ್ದಲ್ಲ. ರಾತ್ರಿ ಪಕ್ಕದಲ್ಲಿ ಮಲಗಬಲ್ಲ ಆರೋಗ್ಯವಂತ ಸಂಬಂಧಿಕರೊಬ್ಬರು ಮನೆಯಲ್ಲಿರಲೇಬೇಕು. ಒಂಟಿಯಾಗಿರುವ ಹಿರಿಯರಿಗೆ ಈ ಮಾರ್ಗವಿಲ್ಲ.

ಆಯ್ಕೆಯಾದವರನ್ನೂ ಗಡಿಯಾರ ನೋಡಿ ಕಳುಹಿಸುವುದಿಲ್ಲ; ಲಕ್ಷಣ ನೋಡಿ ಕಳುಹಿಸುತ್ತಾರೆ. ತಲೆಸುತ್ತಿಲ್ಲದೆ ನಡೆಯಬೇಕು, ಮೂರು ನಾಲ್ಕು ಮೆಟ್ಟಿಲು ಹತ್ತಿಳಿಯಬೇಕು, ಮೂತ್ರವಾಗಿರಬೇಕು, ಉಂಡದ್ದು ನಿಲ್ಲಬೇಕು, ನೋವು ಮಾತ್ರೆಯಿಂದಲೇ ತಡೆಯುವಂತಿರಬೇಕು, ಗಾಯದ ಪಟ್ಟಿ ಒಣಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ರಾತ್ರಿ ಆಸ್ಪತ್ರೆಯಲ್ಲಿಯೇ. ಹಾಗೆ ಉಳಿಯಬೇಕಾಗಿ ಬಂದರೆ ಅದು ಸೋಲಲ್ಲವೆಂದು ರೋಗಿಗೂ ಮನೆಯವರಿಗೂ ಮೊದಲೇ ತಿಳಿಸಿರಬೇಕು.

ನಾವು ಕಲಿತ ಒಂದು ಪಾಠ

ಇಲ್ಲಿ ನಮ್ಮ ಅನುಭವವೊಂದನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ನೇಕಾರರೊಬ್ಬರು ದೂರದ ನಗರದಲ್ಲಿ ಮೊಣಕಾಲು ಬದಲಾಯಿಸಿಕೊಂಡು ಮರುದಿನವೇ ಊರಿಗೆ ಬಂದರು. ಆರನೆಯ ದಿನ ಅವರ ಮಗಳು ದೂರವಾಣಿಯಲ್ಲಿ, "ಕಾಕಾ, ಅಪ್ಪಾರ ಮೀನಗಂಡ ಬಾತೈತ್ರಿ, ಮುಟ್ಟಿದ್ರ ನೋವು ಅಂತಾರ. ಮಹಾನಾರಾಯಣ ತೈಲ ಬಿಸಿ ಮಾಡಿ ತಿಕ್ಕಲೇನ್ರಿ?" ಎಂದು ಕೇಳಿದಳು. ಶಸ್ತ್ರಚಿಕಿತ್ಸೆಯಾದ ಕಾಲು ಬಾಯುವುದು ಸಹಜವೆಂದುಕೊಂಡು "ಹಗುರಾಗಿ ಹಚ್ಚವ್ವಾ" ಎಂದು ಹೇಳಿಯೇಬಿಟ್ಟೆವು. ದೂರವಾಣಿ ಕೆಳಗಿಟ್ಟ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಹತ್ತು ನಿಮಿಷದಲ್ಲಿ ಮತ್ತೆ ಕರೆ ಮಾಡಿ ಎಣ್ಣೆ ಮುಟ್ಟಬೇಡವೆಂದು ಹೇಳಿ, ನಾವೇ ಹೋಗಿ ನೋಡಿದೆವು. ಒಂದು ಕಣಕಾಲು ಮಾತ್ರ ಬಿಗಿದು, ಬಿಸಿಯಾಗಿ, ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ದಪ್ಪವಾಗಿತ್ತು. ಆ ರಾತ್ರಿಯೇ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದೆವು. ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅಂಥ ಕಾಲನ್ನು ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣವೇ ಹೋಗಬಹುದು. ದೈವಕೃಪೆಯಿಂದ ಅವರು ಗುಣವಾದರು. ಈಗ ಮತ್ತೆ ಮಗ್ಗದ ಮನೆಗೆ ನಡೆದು ಹೋಗಿ ಕುರ್ಚಿಯ ಮೇಲೆ ಕುಳಿತು ಸೀರೆಯ ಕೆಲಸ ನೋಡಿಕೊಳ್ಳುತ್ತಾರೆ.

ಅವರ ಬಿಡುಗಡೆಯ ಕಾಗದವನ್ನು ಅಂದು ನಾವು ತೆಗೆದು ಓದಿದೆವು. ಔಷಧಗಳ ಹೆಸರು ಇಂಗ್ಲಿಷಿನಲ್ಲಿತ್ತು. ಹದಿನಾಲ್ಕು ದಿನಗಳ ನಂತರ ಬರಬೇಕೆಂದು ಬರೆದಿತ್ತು. ಅಷ್ಟರೊಳಗೆ ಏನಾದರೂ ಆದರೆ ಯಾರಿಗೆ ಕರೆ ಮಾಡಬೇಕೆಂಬ ಒಂದು ಸಾಲೂ ಇರಲಿಲ್ಲ. ಅದಕ್ಕಾಗಿಯೇ ಆ ಹುಡುಗಿ ನಮ್ಮನ್ನು ಕೇಳಿದ್ದಳು; ನಾವೂ ಎಡವಿದೆವು.

ಬೇಗ ಮನೆಗೆ ಕಳುಹಿಸುವ ವ್ಯವಸ್ಥೆಯ ತಿರುಳು ಇರುವುದು ಇಲ್ಲಿಯೇ. ರಾಮಥಾಳದ ಹೆಸರನ್ನು ನಾಡೆಲ್ಲ ಕೇಳಿದ್ದು ಹನಿ ನೀರಾವರಿಯ ದೊಡ್ಡ ಯೋಜನೆಯಿಂದ. ಹಿನ್ನೀರಿನಿಂದ ನೀರೆತ್ತಿ ಮುಖ್ಯ ಕೊಳವೆಯಲ್ಲಿ ಹರಿಸಿದರೆ ಕೆಲಸ ಮುಗಿಯಿತೇ? ಹೊಲದ ಕೊನೆಯ ಸಣ್ಣ ನಳಿಗೆಯಲ್ಲಿ ಕಸ ಕಟ್ಟಿದರೆ ಬೆಳೆಗೆ ನೀರಿಲ್ಲ ಎಂಬುದು ಇಲ್ಲಿನ ರೈತರಿಗೆ ಗೊತ್ತಿದೆ. ಹಾಗೆಯೇ ಶಸ್ತ್ರಚಿಕಿತ್ಸೆಯೆಷ್ಟೇ ಚೆನ್ನಾಗಿದ್ದರೂ, ಕೊನೆಯ ನಳಿಗೆಯಾದ ಮನೆಯ ಆರೈಕೆ ಕಟ್ಟಿಕೊಂಡರೆ ಫಲವಿಲ್ಲ.

ಆಸ್ಪತ್ರೆಯಲ್ಲಿ ಏನೇನು ಇರಬೇಕು?

ಇಂಥ ಕಾರ್ಯಕ್ರಮವನ್ನು ಆರಂಭಿಸುವ ಆಸ್ಪತ್ರೆ ಮೊದಲು ಹಾಸಿಗೆಯ ದಿನಗಳನ್ನು ಹಂತಹಂತವಾಗಿ ಇಳಿಸಬೇಕು. ಐದರಿಂದ ಮೂರು, ಮೂರರಿಂದ ಎರಡು, ಆಮೇಲೆ ಒಂದು. ಒಮ್ಮೆಲೇ ಅಂದೇ ಮನೆಗೆ ಎಂದರೆ ಎಡವುವುದು ಖಚಿತ. ಶಸ್ತ್ರವೈದ್ಯ, ಅರಿವಳಿಕೆಯ ವೈದ್ಯ, ದಾದಿ, ವ್ಯಾಯಾಮ ಚಿಕಿತ್ಸಕ ಇವರೆಲ್ಲರೂ ಒಂದೇ ಬರವಣಿಗೆಯ ಕ್ರಮವನ್ನು ಅನುಸರಿಸಬೇಕು. ಶಸ್ತ್ರಚಿಕಿತ್ಸೆಗೆ ಎರಡು ಮೂರು ವಾರ ಮೊದಲು ರೋಗಿಗೂ ಆರೈಕೆ ಮಾಡುವವರಿಗೂ ಒಂದು ಪಾಠ ಆಗಬೇಕು. ವಾಕರ್ ಹಿಡಿಯುವುದನ್ನು ನೋವಿಲ್ಲದ ಹೊತ್ತಿನಲ್ಲಿ ಕಲಿಸಬೇಕು. ಅಂದು ಬೆಳಗಿನ ಮೊದಲ ಸರದಿಯೇ ಇವರದಾಗಬೇಕು. ಮರುದಿನ ದಾದಿ ತಾನೇ ದೂರವಾಣಿ ಮಾಡಿ ವಿಚಾರಿಸಬೇಕು. ಹಗಲಿರುಳೂ ಕರೆ ಸ್ವೀಕರಿಸುವ ಒಂದು ಸಂಖ್ಯೆ ಇರಬೇಕು. ಮರಳಿ ಬರಬೇಕಾದರೆ ಸರದಿಯಿಲ್ಲದೆ ಒಳಗೆ ತೆಗೆದುಕೊಳ್ಳುವ ಏರ್ಪಾಡಿರಬೇಕು. ಎಚ್ಚರಿಕೆಯ ಲಕ್ಷಣಗಳು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರಬೇಕು.

ನಮ್ಮ ಭಾಗದವರು ಈ ಚಿಕಿತ್ಸೆಗೆ ಬಾಗಲಕೋಟೆ, ವಿಜಯಪುರ, ಹುಬ್ಬಳ್ಳಿ, ಬೆಳಗಾವಿಗಳಿಗೆ ಹೋಗುತ್ತಾರೆ. ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯ ಹಾಗೂ ಕುಮಾರೇಶ್ವರ ಆಸ್ಪತ್ರೆ ಇರುವುದು ಜಿಲ್ಲೆಯ ಜನರಿಗೆ ದೊಡ್ಡ ಅನುಕೂಲ. ಶಸ್ತ್ರಚಿಕಿತ್ಸೆಗೆ ಎಲ್ಲಿಗಾದರೂ ಹೋಗಿ, ಆದರೆ ಹೋಗುವ ಮೊದಲು ಒಂದು ಪ್ರಶ್ನೆ ಕೇಳಿ: "ರಾತ್ರಿ ಎರಡು ಗಂಟೆಗೆ ತೊಂದರೆಯಾದರೆ ನಾವು ಯಾರಿಗೆ ಕರೆ ಮಾಡಬೇಕು?" ಇದಕ್ಕೆ ಸ್ಪಷ್ಟವಾದ ಉತ್ತರ ದೊರೆಯದಿದ್ದರೆ ಅಂದೇ ಮನೆಗೆ ಬರುವ ಆಸೆಯನ್ನು ಬಿಡುವುದೇ ಲೇಸು.

ಹಣದ ಮಾತು

೨೦೧೭ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಮೊಣಕಾಲಿನ ಕೃತಕ ಭಾಗಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಮಾಡಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಲೋಹದ ಜೋಡಣೆಗೆ ತೆರಿಗೆ ಬಿಟ್ಟು ೫೪,೭೨೦ ರೂಪಾಯಿ ಎಂದು ಅಂದು ನಿಗದಿಯಾಯಿತು. ಅದಕ್ಕೂ ಮೊದಲು ಅದರ ಬೆಲೆ ಒಂದೂವರೆ ಲಕ್ಷದ ಆಸುಪಾಸಿನಲ್ಲಿತ್ತು. ಇದು ಒಳಗಿಡುವ ಭಾಗದ ಬೆಲೆ ಮಾತ್ರ. ವೈದ್ಯರ ಶುಲ್ಕ, ಕೋಣೆ, ಔಷಧಗಳು ಬೇರೆ. ಬಿಲ್ಲಿನಲ್ಲಿ ಕೃತಕ ಭಾಗದ ಹೆಸರು, ಬೆಲೆಗಳನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು.

೨೦೧೮ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ; ಎ.ಪಿ.ಎಲ್. ಕುಟುಂಬಕ್ಕೆ ಯೋಜನೆಯ ದರದ ಶೇಕಡಾ ೩೦ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಪಡಿತರ ಚೀಟಿ ಮತ್ತು ಆಧಾರ್ ಹಿಡಿದು ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಶಿಫಾರಸು ಪತ್ರದ ಕ್ರಮವನ್ನು ವಿಚಾರಿಸಿ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾದ ಮೇಲೆ ಪತ್ರ ಹುಡುಕುವವರು ಬಹಳ ಕಷ್ಟಪಡುತ್ತಾರೆ.

ಖಾಸಗಿ ವಿಮೆಯುಳ್ಳವರಿಗೆ ಇನ್ನೊಂದು ತೊಡಕಿದೆ. ನಮ್ಮ ದೇಶದ ವಿಮೆಯ ನಿಯಮಗಳಲ್ಲಿ ಆಸ್ಪತ್ರೆವಾಸವೆಂದರೆ ಸಾಮಾನ್ಯವಾಗಿ ಸತತ ೨೪ ಗಂಟೆ. ಅದಕ್ಕೂ ಕಡಿಮೆ ಅವಧಿಯ ಚಿಕಿತ್ಸೆಗಳನ್ನು ಡೇ ಕೇರ್ ಎಂಬ ಹೆಸರಿನಡಿ ಪ್ರತ್ಯೇಕವಾಗಿ ಗುರುತಿಸುತ್ತಾರೆ. ಬೆಳಿಗ್ಗೆ ಹೋಗಿ ಸಂಜೆ ಮರಳುವ ಮೊಣಕಾಲು ಬದಲಾವಣೆ ತಮ್ಮ ವಿಮೆಯಲ್ಲಿ ಡೇ ಕೇರ್ ಎಂದು ಸಲ್ಲುತ್ತದೆಯೇ ಎಂಬುದನ್ನು ಮೊದಲೇ ಬರಹದಲ್ಲಿ ಕೇಳಿ ಪಡೆಯಬೇಕು. ಬಾಯಿಮಾತಿನ ಭರವಸೆ ಸಾಲದು.

ಮನೆಯ ಸಿದ್ಧತೆ

ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಕೂಡಲೇ ಮನೆಯವರು ಮಾಡಿಕೊಳ್ಳಬೇಕಾದ ಕೆಲಸಗಳಿವೆ. ಮೊಣಕಾಲಿನ ಎತ್ತರಕ್ಕಿರುವ ಗಟ್ಟಿಯಾದ ಮಂಚ, ಕೈಗಳಿರುವ ಕುರ್ಚಿ, ಶೌಚಕ್ಕೆ ಕಮೋಡು ಅಥವಾ ಕಮೋಡಿನ ಕುರ್ಚಿ, ಗೋಡೆಗೆ ಹಿಡಿಕೆ, ಜಾರದ ಬಚ್ಚಲು, ರಾತ್ರಿ ಉರಿಯುವ ಸಣ್ಣ ದೀಪ ಬೇಕು. ಪಡಸಾಲೆಯ ಕೌದಿ, ಚಾಪೆ, ತಂತಿಗಳನ್ನು ಎತ್ತಿಡಬೇಕು. ಹಳೆಯ ಮನೆಗಳಲ್ಲಿ ಹೊಸ್ತಿಲು ಎತ್ತರ. ವಾಕರ್ ಹಿಡಿದು ಅದನ್ನು ದಾಟುವುದನ್ನು ಮೊದಲೇ ರೂಢಿ ಮಾಡಿಕೊಳ್ಳಬೇಕು. ಶೌಚಾಲಯ ಹಿತ್ತಿಲಿನ ತುದಿಯಲ್ಲಿದ್ದರೆ ಮೊದಲ ಎರಡು ವಾರ ಕೋಣೆಯಲ್ಲಿಯೇ ಕುರ್ಚಿಯ ಏರ್ಪಾಡು ಮಾಡಬೇಕು.

ಮನೆಗೆ ಬಂದ ಮೇಲೆ ಪ್ರತಿ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮೊಣಕಾಲಿನ ಹಿಂಭಾಗವನ್ನು ಹಾಸಿಗೆಗೆ ಒತ್ತಿ ಬಿಡುವುದು, ಹಗಲು ಹಲವು ಸಲ ಸ್ವಲ್ಪ ಸ್ವಲ್ಪ ನಡೆಯುವುದು ಮುಖ್ಯ. ಮೊಣಕಾಲಿನ ಕೆಳಗೆ ದಿಂಬು ಇಡಬಾರದು. ಆಗ ಹಿತವೆನಿಸಿದರೂ ಕಾಲು ನೆಟ್ಟಗಾಗದೆ ಉಳಿಯುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಡಬಹುದು. ಹೊಲಿಗೆ ತೆಗೆಯುವುದು ಸುಮಾರು ಎರಡು ವಾರಕ್ಕೆ. ಸಾಮಾನ್ಯ ಓಡಾಟಕ್ಕೆ ಆರು ವಾರಗಳಿಂದ ಮೂರು ತಿಂಗಳು. ಪೂರ್ಣ ಚೇತರಿಕೆಗೆ ಒಂದು ವರ್ಷವೂ ಹಿಡಿಯಬಹುದು. ಮನೆಗೆ ಬೇಗ ಬಂದ ಮಾತ್ರಕ್ಕೆ ಬೇಗ ಗುಣವಾಯಿತೆಂದಲ್ಲ.

ನೆಲದ ಮೇಲೆ ಪದ್ಮಾಸನದಲ್ಲಿ ಕುಳಿತು ಇಷ್ಟಲಿಂಗ ಪೂಜೆ ಮಾಡುವ ರೂಢಿಯವರು, ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವವರು, ಇನ್ನು ಹಾಗೆ ಕೂರಲಾಗದಲ್ಲಾ ಎಂದು ನಮ್ಮೆದುರು ಕಣ್ಣೀರು ಹಾಕಿದ್ದುಂಟು. ಕುರ್ಚಿಯ ಮೇಲೆ ಕುಳಿತು ಮಾಡಿದ ಪೂಜೆಗೆ ಯಾವ ಕೊರತೆಯೂ ಇಲ್ಲವೆಂದು ಅವರಿಗೆ ಹೇಳುತ್ತ ಬಂದಿದ್ದೇವೆ. ಮಠಗಳ ದಾಸೋಹದ ಮನೆಗಳಲ್ಲಿ ಒಂದು ಸಾಲು ಮೇಜು ಕುರ್ಚಿ ಇಟ್ಟರೆ ಎಷ್ಟೋ ಹಿರಿಯರು ಸಂಕೋಚವಿಲ್ಲದೆ ಬಂದಾರು.

ತಡಮಾಡದೆ ಆಸ್ಪತ್ರೆಗೆ ಕರೆ ಮಾಡಬೇಕಾದ ಲಕ್ಷಣಗಳು ಇವು: ಒಂದು ಕಣಕಾಲು ಮಾತ್ರ ಬಾತು ನೋಯುವುದು, ನಡುಕದ ಜ್ವರ, ಗಾಯದಿಂದ ಕೀವು ಅಥವಾ ನಿಲ್ಲದ ಸೋರಿಕೆ, ಪಾದ ಮರಗಟ್ಟುವುದು ಅಥವಾ ಎತ್ತಲಾಗದಿರುವುದು, ಆರೆಂಟು ಗಂಟೆ ಮೂತ್ರವಾಗದಿರುವುದು, ನಿಲ್ಲದ ವಾಂತಿ. ಏದುಸಿರು ಅಥವಾ ಎದೆನೋವು ಕಾಣಿಸಿಕೊಂಡರೆ ನೇರವಾಗಿ ೧೦೮ಕ್ಕೆ ಕರೆ ಮಾಡಿ.

ನಮ್ಮ ಎಣ್ಣೆ, ನಮ್ಮ ಔಷಧ

ಆಯುರ್ವೇದದ ಔಷಧ ಸೇವಿಸುವವರಿಗೆ ಒಂದು ಕಳಕಳಿಯ ಮಾತು. ಗುಗ್ಗುಳ ಸೇರಿದ ಮಾತ್ರೆಗಳು, ಬೆಳ್ಳುಳ್ಳಿ ಮತ್ತು ಅರಿಸಿನದ ಗುಳಿಗೆಗಳು ರಕ್ತ ಹೆಪ್ಪುಗಟ್ಟುವಿಕೆಯನ್ನು ತಗ್ಗಿಸಬಲ್ಲವು; ಅಶ್ವಗಂಧ ನಿದ್ರೆಯ ಔಷಧಗಳ ಪ್ರಭಾವವನ್ನು ಹೆಚ್ಚಿಸಬಲ್ಲದು. ಇವುಗಳನ್ನು ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲು ನಿಲ್ಲಿಸಿ, ತೆಗೆದುಕೊಳ್ಳುತ್ತಿದ್ದುದನ್ನು ಅರಿವಳಿಕೆಯ ವೈದ್ಯರಿಗೆ ತಿಳಿಸಬೇಕು. ಅಡುಗೆಯಲ್ಲಿನ ಬೆಳ್ಳುಳ್ಳಿ, ಅರಿಸಿನಕ್ಕೆ ಈ ಮಾತು ಅನ್ವಯಿಸದು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಮಾರುವ ಹೆಸರಿಲ್ಲದ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಭವವುಂಟು. ಅವನ್ನು ತಿಂಗಳುಗಟ್ಟಲೆ ತಿಂದವರು ಶಸ್ತ್ರವೈದ್ಯರ ಮುಂದೆ ಮುಚ್ಚಿಡಬಾರದು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರಕ್ತದ ಒತ್ತಡ ಕುಸಿಯಬಹುದು, ಗಾಯ ಮಾಯದಿರಬಹುದು.

ಶಸ್ತ್ರಚಿಕಿತ್ಸೆಯಾದ ಕಾಲಿಗೆ ಎಣ್ಣೆ ತಿಕ್ಕುವುದು, ಶಾಖ ಕೊಡುವುದು, ಜಾನುಬಸ್ತಿ ಯಾವುದೂ ಕೂಡದು. ಗಾಯ ಪೂರ್ಣವಾಗಿ ಮಾಯ್ದು ಶಸ್ತ್ರವೈದ್ಯರು ಒಪ್ಪಿದ ಮೇಲೆಯೇ ಆ ಯೋಚನೆ. ನಮ್ಮ ವಿದ್ಯೆಗೆ ಇದರಿಂದ ಕುಂದಿಲ್ಲ. ಶಸ್ತ್ರಕರ್ಮಕ್ಕೂ ಮೊದಲು ದೇಹವನ್ನು ಸಿದ್ಧಗೊಳಿಸುವುದು, ನಂತರ ಪಥ್ಯದಿಂದ ಬಲಪಡಿಸುವುದು ಸುಶ್ರುತರ ಕಾಲದಿಂದಲೂ ಬಂದ ಕ್ರಮವೇ. ರಕ್ತಹೀನತೆಯನ್ನು ಸರಿಪಡಿಸುವುದು, ತೂಕ, ಸಕ್ಕರೆಗಳನ್ನು ಹತೋಟಿಗೆ ತರುವುದು, ಮಲಬದ್ಧತೆಯಾಗದಂತೆ ಆಹಾರ ಹೇಳುವುದು ನಾವು ಚೆನ್ನಾಗಿ ಮಾಡಬಲ್ಲ ಕೆಲಸಗಳು.

ಕೊನೆಯದಾಗಿ

ಹಾಗಾದರೆ ಬೆಳಿಗ್ಗೆ ಶಸ್ತ್ರಚಿಕಿತ್ಸೆ, ಸಂಜೆಗೆ ಮನೆ ಎಂಬುದು ನಮ್ಮ ಊರುಗಳಿಗೆ ಒಗ್ಗುವುದೇ? ಅದೇ ದಿನ ನಡೆಯುವುದು ಎಲ್ಲರಿಗೂ ಒಗ್ಗುತ್ತದೆ. ಅದೇ ದಿನ ಮನೆ ಸೇರುವುದು, ಆಸ್ಪತ್ರೆಯಿರುವ ಊರಿನಲ್ಲಿಯೇ ವಾಸಿಸುವ, ಆರೋಗ್ಯವಂತರಾದ ಕೆಲವರಿಗೆ ಒಗ್ಗೀತು. ಹಳ್ಳಿಯ ಹಿರಿಯರಿಗೆ ಒಂದೆರಡು ರಾತ್ರಿ ಆಸ್ಪತ್ರೆಯಲ್ಲಿ, ಆಮೇಲೆ ನಾಲ್ಕೈದು ದಿನ ಆಸ್ಪತ್ರೆಯ ಸಮೀಪದ ಬಂಧುಗಳ ಮನೆಯಲ್ಲಿ ತಂಗುವುದು ಸುರಕ್ಷಿತ. ಬಂಧುಗಳಿಲ್ಲದವರಿಗೆ ನಗರದಲ್ಲಿರುವ ಮಠಗಳ ಯಾತ್ರಿನಿವಾಸಗಳು ನೆಲಮಹಡಿಯಲ್ಲಿ ಎರಡು ಕೋಣೆಗಳನ್ನು, ಕಮೋಡು ಮತ್ತು ಹಿಡಿಕೆಗಳ ಸಹಿತ, ಮೀಸಲಿಟ್ಟರೆ ಅದು ದೊಡ್ಡ ದಾಸೋಹವಾದೀತೆಂದು ಪೂಜ್ಯರಲ್ಲಿ ವಿನಂತಿಸಿಕೊಳ್ಳುತ್ತೇವೆ.

ರಾಮಥಾಳದ ತಾಯಿಗೆ ನಾವು ಇದನ್ನೇ ಹೇಳಿದೆವು. ಅವರ ಹಿಮೋಗ್ಲೋಬಿನ್ ಒಂಬತ್ತಿಗೂ ಕಡಿಮೆಯಿತ್ತು. ಮೊದಲು ಅದನ್ನು ಏರಿಸುವ ಚಿಕಿತ್ಸೆ ಆರಂಭಿಸಿದೆವು. "ಎಂಟ ದಿನ ಅಲ್ಲವ್ವಾ, ಎರಡ ರಾತ್ರಿ" ಎಂದಾಗ ಅವರು ಒಪ್ಪಿದರು. ಮೊನ್ನೆ ಮಗ ಬಂದಿದ್ದರು. ರಕ್ತ ಹನ್ನೊಂದೂವರೆಗೆ ಏರಿದೆ, ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿಯಾಗಿದೆ, ಬಾಗಲಕೋಟೆಯ ಸೋದರಮಾವನ ಮನೆಯಲ್ಲಿ ಕೋಣೆ ಗೊತ್ತಾಗಿದೆ ಎಂದರು. ಆಸ್ಪತ್ರೆಯ ರಾತ್ರಿ ಕರೆಯ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದೀರಾ ಎಂದು ಕೇಳಿದೆವು. ಮೂವರ ಮೊಬೈಲಿನಲ್ಲೂ ಇದೆ, ಕ್ಯಾಲೆಂಡರಿನ ಮೇಲೂ ಇದೆ ಎಂದು ಅವರು ಉತ್ತರಿಸಿದರು.